ಭಾನುವಾರದ ಸವಾರಿಗೆ ಹಳೆಯ ಯೆಜ್ಡಿ: ಕೊಳ್ಳುವ ಮುನ್ನ ಅರಿಯತಕ್ಕ ಸಂಗತಿಗಳು

ವಾರದ ಆರು ದಿನಗಳನ್ನು ಕಚೇರಿಗೋ ಗದ್ದೆಗೋ ಅಂಗಡಿಗೋ ಒಪ್ಪಿಸಿ, ಏಳನೆಯ ದಿನವೊಂದನ್ನು ಮಾತ್ರ ತನ್ನ ಸಂತೋಷಕ್ಕೆಂದು ಉಳಿಸಿಕೊಂಡವನಿಗೆ, ಆ ಒಂದು ದಿನದ ಸವಾರಿಗಾಗಿ ಹಳೆಯದೊಂದು ವೇಗದ ವಾಹನವನ್ನು ಇಟ್ಟುಕೊಳ್ಳಬೇಕೆಂಬ ಅಭಿಲಾಷೆ ಹುಟ್ಟುವುದು ಅಸಹಜವೇನೂ ಅಲ್ಲ. ಆದರೆ ಬಣ್ಣಕ್ಕೆ ಮರುಳಾಗಿ ಅವಸರದಲ್ಲಿ ಕೊಂಡ ಗಾಡಿ ಕೆಲವೇ ತಿಂಗಳುಗಳಲ್ಲಿ ಗ್ಯಾರೇಜಿನ ಮೂಲೆ ಸೇರುವುದೂ, ಕೊಂಡ ಬೆಲೆಯಷ್ಟೇ ಹಣವನ್ನು ಮತ್ತೊಮ್ಮೆ ಸುರಿದರೂ ರಸ್ತೆಗೆ ಬಾರದಿರುವುದೂ, ಕಡೆಗೆ ಆರ್.ಸಿ. ಪುಸ್ತಕವೇ ಸರಿಯಿಲ್ಲವೆಂಬುದು ತಿಳಿದು ಮಾರಲೂ ಆಗದೆ ಇಡಲೂ ಆಗದೆ ಕೈಕಟ್ಟಿ ಕೂರುವುದೂ ಮಂಡ್ಯ, ಮದ್ದೂರು, ಮಳವಳ್ಳಿಗಳ ಮೆಕ್ಯಾನಿಕ್ಕುಗಳು ದಿನನಿತ್ಯ ಕಾಣುವ ನೋಟ. ಅಂಥ ನಷ್ಟಕ್ಕೆ ಗುರಿಯಾಗದಿರಬೇಕೆಂಬ ವಾಚಕರಿಗಾಗಿ ಈ ಲೇಖನ.

ಪರದೇಶಗಳಲ್ಲಿ ಈ ಅಭಿಲಾಷೆ ಹಳೆಯ ಸ್ಪೋರ್ಟ್ಸ್ ಕಾರಿನ ರೂಪವನ್ನು ತಾಳುತ್ತದೆ. ನಮ್ಮ ಸೀಮೆಯಲ್ಲಾದರೋ, ನೆಲಕ್ಕೆ ಅಂಟಿದಂತೆ ಓಡುವ ಕಾರೊಂದನ್ನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಆಸುಪಾಸಿನ ದಾರಿಗಳಲ್ಲಿ, ಊರೂರಿಗೂ ಎದುರಾಗುವ ಹಂಪುಗಳನ್ನು ದಾಟಿಸುತ್ತ, ಕಬ್ಬು ಹೇರಿಕೊಂಡು ರಸ್ತೆಯ ತುಂಬ ಸಾಗುವ ಟ್ರ್ಯಾಕ್ಟರುಗಳ ಹಿಂದೆ ನಡೆಸಹೊರಟವನಿಗೆ ಸುಖಕ್ಕಿಂತ ಸಂಕಟವೇ ಅಧಿಕ. ಆದಕಾರಣ ಇಲ್ಲಿ ಆ ಸ್ಥಾನವು ಬಹುಕಾಲದಿಂದ ಮೈಸೂರಿನ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್ಲುಗಳಿಗೇ ಸಂದಿದೆ. ಇರಾನಿ ಮನೆತನದವರು ಸ್ಥಾಪಿಸಿದ ಐಡಿಯಲ್ ಜಾವಾ ಕಂಪನಿಯು ಜೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿಯನ್ನು ಪಡೆದು, ಜಯಚಾಮರಾಜ ಒಡೆಯರು 1961ರಲ್ಲಿ ಉದ್ಘಾಟಿಸಿದ ಯಾದವಗಿರಿಯ ಕಾರ್ಖಾನೆಯಲ್ಲಿ ಮೊದಲು ಜಾವಾ ಎಂಬ ಹೆಸರಿನಲ್ಲಿಯೂ, 1970ರ ದಶಕದ ಆದಿಭಾಗದಿಂದ ಯೆಜ್ಡಿ ಎಂಬ ಹೆಸರಿನಲ್ಲಿಯೂ ಗಾಡಿಗಳನ್ನು ತಯಾರಿಸಿ, 1996ರಲ್ಲಿ ಬಾಗಿಲು ಮುಚ್ಚಿತು. ಈಚೆಗೆ ಅದೇ ಹೆಸರುಗಳಲ್ಲಿ ಬಂದಿರುವ ಹೊಸ ಗಾಡಿಗಳಿಗೂ ಇವಕ್ಕೂ ಹೆಸರೊಂದೇ ಸಮಾನ. ಬಿಡಿಭಾಗಗಳು ಪರಸ್ಪರ ಹೊಂದತಕ್ಕವಲ್ಲ.

ಎರಡು ಸ್ಟ್ರೋಕಿನ ಎಂಜಿನ್ನಿನ ಧರ್ಮ

ಗಾಡಿಯನ್ನು ಪರೀಕ್ಷಿಸುವ ಕ್ರಮವನ್ನು ಬಾಯಿಪಾಠ ಮಾಡುವುದಕ್ಕಿಂತ ಅದರ ಒಳಗಿನ ವ್ಯಾಪಾರವನ್ನು ಒಮ್ಮೆ ತಿಳಿದುಕೊಂಡರೆ, ಯಾವ ಲಕ್ಷಣ ಯಾವ ರೋಗವನ್ನು ಸೂಚಿಸುತ್ತದೆಂಬುದು ತಾನಾಗಿಯೇ ಹೊಳೆಯುತ್ತದೆ. ಈ ಎಂಜಿನ್ನಿನಲ್ಲಿ ವಾಲ್ವುಗಳಿಲ್ಲ. ಮೇಲಕ್ಕೂ ಕೆಳಕ್ಕೂ ಚಲಿಸುವ ಪಿಸ್ಟನ್ನೇ ಸಿಲಿಂಡರಿನ ಗೋಡೆಯಲ್ಲಿರುವ ರಂಧ್ರಗಳನ್ನು ಮುಚ್ಚಿ ತೆರೆಯುತ್ತದೆ. ಪಿಸ್ಟನ್ ಮೇಲೇರಿದಾಗ ಅದರ ಕೆಳಗಿನ ಕ್ರ್ಯಾಂಕ್ ಕೋಣೆಯು ಕಮ್ಮಾರನ ತಿದಿಯಂತೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಕಾರ್ಬೊರೇಟರಿನಿಂದ ಒಳಕ್ಕೆ ಎಳೆದುಕೊಂಡು, ಪಿಸ್ಟನ್ ಇಳಿದಾಗ ಅದನ್ನು ಮೇಲಕ್ಕೆ ಒತ್ತುತ್ತದೆ. ಇದರಿಂದ ಮೂರು ಫಲಿತಗಳು ಹೊರಡುತ್ತವೆ.

ಮೊದಲನೆಯದು, ಆ ಕೋಣೆ ಗಾಳಿಯಾಡದಂತೆ ಭದ್ರವಾಗಿರಬೇಕು. ಕ್ರ್ಯಾಂಕಿನ ಎರಡು ಬದಿಗೂ ರಬ್ಬರಿನ ಆಯಿಲ್ ಸೀಲುಗಳಿರುತ್ತವೆ. ಎಡಗಡೆಯ ಸೀಲು ಸವೆದರೆ ಕ್ಲಚ್ ಕಡೆಯ ಗೇರ್ ಆಯಿಲನ್ನು ಎಂಜಿನ್ ಹೀರಿಕೊಂಡು ದಟ್ಟವಾದ ಬಿಳಿಹೊಗೆಯನ್ನು ಕಾರುತ್ತದೆ. ಡೈನಮೋ ಇರುವ ಬಲಗಡೆಯ ಸೀಲು ಸವೆದರೆ ಹೊರಗಿನ ಗಾಳಿಯನ್ನು ಎಳೆದುಕೊಂಡು, ಮಿಶ್ರಣದಲ್ಲಿ ಪೆಟ್ರೋಲಿನ ಅಂಶ ತಗ್ಗಿ, ಅತಿಯಾಗಿ ಕಾದು, ಕಡೆಗೆ ಪಿಸ್ಟನ್ ಜಾಮಾಗುತ್ತದೆ. ಎರಡನೆಯದು, ಪಿಸ್ಟನ್ನಿಗೂ ಬೇರಿಂಗುಗಳಿಗೂ ಬೇರೆ ಎಣ್ಣೆಯ ಏರ್ಪಾಡಿಲ್ಲ. ಪೆಟ್ರೋಲಿನೊಡನೆ ಬೆರೆಸಿದ ಟೂಟಿ ಆಯಿಲೇ ಅವಕ್ಕೆ ಆಧಾರ. ಮೂರನೆಯದು, ಸೈಲೆನ್ಸರು ಕೇವಲ ಸದ್ದಡಗಿಸುವ ಕೊಳವೆಯಾಗಿರದೆ ಉಸಿರಾಟದ ಒಂದು ಅಂಗವೇ ಆಗಿರುವುದರಿಂದ, ಅದರಲ್ಲಿ ಕಾರ್ಬನ್ ಕಟ್ಟಿಕೊಂಡರೂ ಕುಂದು, ಒಳಗಿನ ಬ್ಯಾಫಲನ್ನು ಕಿತ್ತೆಸೆದರೂ ಕುಂದು.

ಕೊಳ್ಳುವ ಮೊದಲು ನಿಶ್ಚಯಿಸಬೇಕಾದದ್ದು

ಹಳೆಯ ಗಾಡಿಯಲ್ಲಿ ಹಣ ಕೊಟ್ಟರೆ ಒದಗುವ ವಸ್ತುಗಳು ಬೇರೆ, ಎಷ್ಟು ಹಣ ಕೊಟ್ಟರೂ ಒದಗದ ವಸ್ತುಗಳು ಬೇರೆ. ಬಣ್ಣ, ಕ್ರೋಮಿನ ಹೊಳಪು, ಸೀಟು, ವೈರಿಂಗು, ಟೈರು, ಪಿಸ್ಟನ್ನು, ಸೀಲು ಇವೆಲ್ಲ ಮೈಸೂರಿನಲ್ಲಿಯೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೋ ಹುಡುಕಿದರೆ ಒಂದಲ್ಲ ಒಂದು ದಿನ ಸಿಕ್ಕುತ್ತವೆ. ನಿರ್ದುಷ್ಟವಾದ ದಾಖಲೆಪತ್ರ, ದಾಖಲೆಗೆ ಹೊಂದುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು, ಬಿರುಕಿಲ್ಲದ ಎಂಜಿನ್ ಕೇಸು, ಸೊಟ್ಟಗಾಗದ ಚಾಸಿಸ್ಸು, ಈ ನಾಲ್ಕು ಮಾತ್ರ ಇದ್ದರೆ ಇದ್ದುವು, ಇಲ್ಲವಾದರೆ ಇಲ್ಲ. ಕೊಳ್ಳುವವನು ಮೊದಲು ಈ ನಾಲ್ಕನ್ನು ನೋಡಿ ಆಮೇಲೆ ಉಳಿದುದರ ಕಡೆಗೆ ಕಣ್ಣು ಹಾಯಿಸಬೇಕು. ಮಾರುವವನಾದರೋ ಸಹಜವಾಗಿಯೇ ಬಣ್ಣವನ್ನು ಮುಂದುಮಾಡಿ ಇವನ್ನು ಹಿಂದಿಟ್ಟಿರುತ್ತಾನೆ.

ಮಾದರಿಗಳ ಪೈಕಿ, 1960ರ ದಶಕದ 250 ಸಿ.ಸಿ. ಜಾವಾ ನೋಡಲು ಅತ್ಯಂತ ಸುಂದರವಾದುದು. ಆದರೆ ಅದರ ಅಸಲಿ ಭಾಗಗಳು ದುರ್ಲಭ, 6 ವೋಲ್ಟಿನ ದೀಪ ಮಂದ. ಅಂದಕ್ಕೆ ಪ್ರಾಧಾನ್ಯ ಕೊಡುವವರಿಗೆ ಅದು ತಕ್ಕುದು. ವೇಗದ ಹಂಬಲವಿರುವವರಿಗೆ 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್ ಹೆಚ್ಚು ಒಪ್ಪುತ್ತದೆ; ಜಾವಾದ ಎಂಜಿನ್ನಿನದು ಸುಮಾರು 12 ಅಶ್ವಶಕ್ತಿಯಾದರೆ ಇದರದು ಸುಮಾರು 16. ಇವೆರಡರ ನಡುವಣ ಸಾಧುಸ್ವಭಾವದ ಗಾಡಿ ಬೇಕೆನ್ನುವವರಿಗೆ ಯೆಜ್ಡಿ ಕ್ಲಾಸಿಕ್ ಉಂಟು. ಎರಡು ಸಿಲಿಂಡರಿನ 350 ಅಪರೂಪದ್ದು, ಆದುದರಿಂದಲೇ ಮೊದಲನೆಯ ಗಾಡಿಯಾಗಿ ಅದನ್ನು ಕೊಳ್ಳುವುದು ವಿವೇಕವಲ್ಲ.

ಆಯವ್ಯಯದ ವಿಷಯದಲ್ಲಿ ಒಂದು ನಿಯಮವನ್ನು ಇಟ್ಟುಕೊಳ್ಳಿರಿ: ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸಲ್ಲಿಸದೆ, ಮೂರರಲ್ಲೊಂದು ಪಾಲನ್ನು ಮೊದಲ ವರ್ಷದ ದುರಸ್ತಿಗೆಂದು ತೆಗೆದಿರಿಸಿರಿ. ಅದು ವೆಚ್ಚವಾಗದೆ ಉಳಿದರೆ ನಿಮ್ಮ ಪುಣ್ಯ, ಉಳಿಯುವುದು ವಿರಳ.

ಗಾಡಿಯನ್ನು ನೋಡುವ ಕ್ರಮ

ಹಗಲು ಹೊತ್ತಿನಲ್ಲಿ, ಮಳೆಯಿಲ್ಲದ ದಿನ, ಈ ಗಾಡಿಗಳನ್ನು ಬಿಚ್ಚಿ ಜೋಡಿಸಿ ಬಲ್ಲ ಮೇಸ್ತ್ರಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಅವರ ಅರ್ಧ ದಿನದ ಕೂಲಿ ನಿಮ್ಮ ವ್ಯವಹಾರದಲ್ಲಿ ಅತ್ಯಂತ ಲಾಭದಾಯಕವಾದ ಖರ್ಚು.

1. ಮೊದಲು ಕೈಯಿಟ್ಟು ನೋಡಿರಿ. ಶುರುಮಾಡುವುದಕ್ಕೆ ಮುಂಚೆ ಸಿಲಿಂಡರಿನ ರೆಕ್ಕೆಗಳ ಮೇಲೆ ಅಂಗೈಯಿಡಿ. ಬೆಚ್ಚಗಿದ್ದರೆ, ನೀವು ಬರುವ ಮೊದಲೇ ಅದನ್ನು ಶುರುಮಾಡಿ ಬಿಸಿಯೇರಿಸಲಾಗಿದೆಯೆಂದು ಅರ್ಥ. ತಣ್ಣಗಿರುವ ಎಂಜಿನ್ನೇ ನಿಜವನ್ನು ಹೇಳುವುದು. "ಅಣ್ಣೋ, ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯ್ತದೆ ಕಣಣ್ಣ" ಎಂಬ ಮಾತಿಗೆ ಮುಗುಳ್ನಕ್ಕು, ಎಂಜಿನ್ ಆರುವವರೆಗೆ ಕಾಗದಗಳನ್ನು ನೋಡುತ್ತ ಕುಳಿತುಕೊಳ್ಳಿರಿ.

2. ಸಂಖ್ಯೆಗಳನ್ನು ತೆಗೆದುಕೊಳ್ಳಿರಿ. ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲಿನಿಂದ ನಯವಾಗಿ ಉಜ್ಜಿದರೆ ಅಂಕಿಗಳು ಕಾಗದದ ಮೇಲೆ ಮೂಡುತ್ತವೆ, ಆರ್.ಟಿ.ಓ. ಕಚೇರಿಯಲ್ಲಿ ಕೇಳುವ ಪೆನ್ಸಿಲ್ ಪ್ರಿಂಟೂ ಇದೇ. ಅಕ್ಷರಗಳ ಎತ್ತರ ಒಂದೇ ಸಮನಾಗಿಲ್ಲದಿದ್ದರೆ, ಸುತ್ತಲಿನ ಲೋಹವನ್ನು ಅರದಿಂದ ಉಜ್ಜಿದ ಗುರುತಿದ್ದರೆ, ಅಥವಾ ಅಲ್ಲಿ ಮಾತ್ರ ಬಣ್ಣ ದಪ್ಪವಾಗಿದ್ದರೆ, ಅಲ್ಲಿಂದಲೇ ಹಿಂದಿರುಗಿರಿ. ಒಂದು ಗಾಡಿಯ ಎಂಜಿನ್ನನ್ನು ಇನ್ನೊಂದರ ಚಾಸಿಸ್ಸಿಗೆ ಕೂರಿಸಿರುವುದು ಈ ಕುಲದಲ್ಲಿ ಸಾಮಾನ್ಯವಾದ್ದರಿಂದ, ಎಂಜಿನ್ ಸಂಖ್ಯೆಯನ್ನು ಆರ್.ಸಿ.ಯೊಡನೆ ಅಂಕಿಗೆ ಅಂಕಿ ತಾಳೆನೋಡಬೇಕು.

3. ಟ್ಯಾಂಕಿನೊಳಗೆ ಟಾರ್ಚು ಬಿಡಿರಿ. ತಳದಲ್ಲಿ ಕೆಂಪು ತುಕ್ಕಿನ ಪುಡಿ ಕಂಡರೆ ಅದೇ ಪುಡಿ ಕಾರ್ಬೊರೇಟರಿನ ಜೆಟ್ಟಿನಲ್ಲೂ ಇದೆಯೆಂದು ತಿಳಿಯಿರಿ. ಟ್ಯಾಂಕಿನ ಒಳಬದಿಗೆ ದಪ್ಪನೆಯ ಲೇಪ ಕೊಟ್ಟಿದ್ದರೆ, ಹಿಂದೆ ತೂತಾಗಿತ್ತೇ ಎಂದು ಕೇಳಿರಿ.

4. ಪ್ಲಗ್ಗನ್ನು ಬಿಚ್ಚಿಸಿರಿ. ಎಂಜಿನ್ನಿನ ಜಾತಕ ಅದರ ತುದಿಯಲ್ಲಿರುತ್ತದೆ. ತಿಳಿಗಂದು ಬಣ್ಣವಿದ್ದರೆ ಕ್ಷೇಮ. ಸುಣ್ಣದಂತೆ ಬೆಳ್ಳಗಿದ್ದರೆ ಮಿಶ್ರಣದಲ್ಲಿ ಪೆಟ್ರೋಲು ಸಾಲದೆ ಅತಿಯಾಗಿ ಕಾಯುತ್ತಿದೆ. ಕಪ್ಪಾಗಿ ಜಿಡ್ಡಾಗಿದ್ದರೆ ಎಣ್ಣೆಯೋ ಪೆಟ್ರೋಲೋ ಮಿತಿಮೀರಿದೆ. ಥಳಥಳಿಸುವ ಹೊಸ ಪ್ಲಗ್ಗು ಮಾತ್ರ ಯಾವ ಸಂಗತಿಯನ್ನೂ ಹೇಳಲಾರದು. ಆಗ ಸವಾರಿಯಾದ ಮೇಲೆ ಮತ್ತೊಮ್ಮೆ ಬಿಚ್ಚಿಸಿರಿ.

5. ಕಿಕ್ಕರನ್ನು ಪರೀಕ್ಷಿಸಿರಿ. ಈ ಗಾಡಿಗಳ ವೈಶಿಷ್ಟ್ಯವೇನೆಂದರೆ, ಎಡಗಡೆಯ ಒಂದೇ ಕಡ್ಡಿ ಮೇಲೆತ್ತಿದಾಗ ಕಿಕ್ಕರಾಗಿಯೂ, ಶುರುವಾದ ಬಳಿಕ ಮುಂದಕ್ಕೆ ತಿರುಗಿಸಿದಾಗ ಗೇರಾಗಿಯೂ ಕೆಲಸಮಾಡುವುದು. ಕಿಕ್ ಹೊಡೆಯುವಾಗ ನಡುವೆ ಹಿಡಿತ ತಪ್ಪಿ ಜಾರಿದರೆ ಒಳಗಿನ ಹಲ್ಲುಗಳು ಸವೆದಿವೆ. ಕಡ್ಡಿ ತನ್ನ ಸ್ಥಾನದಲ್ಲಿಯೇ ಅಲುಗಾಡುತ್ತಿದ್ದರೆ ಅದು ಕೂರುವ ಶಾಫ್ಟಿನ ಗೆರೆಗಳು ಸವೆದಿವೆ. ಹಳೆಯ ಮಾದರಿಗಳಲ್ಲಿ ಗೇರಿನ ಕಡ್ಡಿಯನ್ನು ತುಳಿದೊಡನೆ ಕ್ಲಚ್ಚು ತಾನಾಗಿ ಬಿಡುವ ಏರ್ಪಾಡಿರುವುದನ್ನೂ ನೋಡಿಕೊಳ್ಳಿರಿ.

6. ಹೊಗೆಯನ್ನು ಓದಿರಿ. ತಣ್ಣನೆಯ ಎಂಜಿನ್ ಶುರುವಾದಾಗ ನೀಲಿಛಾಯೆಯ ಹೊಗೆ ಬರುವುದು ದೋಷವಲ್ಲ. ಅದು ಈ ಎಂಜಿನ್ನಿನ ಸ್ವಭಾವ. ಕಾದ ಮೇಲೆ ಅದು ತೆಳುವಾಗಬೇಕು. ಕಾದಷ್ಟೂ ದಟ್ಟವಾಗುತ್ತ ಹೋದರೆ, ಅದರೊಡನೆ ಗೇರ್ ಆಯಿಲಿನ ಮಟ್ಟವೂ ಇಳಿದಿದ್ದರೆ, ಎಡಗಡೆಯ ಸೀಲು ಹೋಗಿದೆ. ಥ್ರಾಟಲ್ ಬಿಟ್ಟರೂ ಎಂಜಿನ್ನಿನ ಓಟ ತಗ್ಗದೆ ಕೂಗುತ್ತಲೇ ಇದ್ದರೆ ಬಲಗಡೆಯದನ್ನು ಸಂಶಯಿಸಿರಿ.

7. ಸದ್ದಿಗೆ ಕಿವಿಗೊಡಿರಿ. ತಳದಿಂದ ಬರುವ ಭಾರವಾದ ಗುಡುಗುಟ್ಟುವಿಕೆ ಕ್ರ್ಯಾಂಕಿನ ಬೇರಿಂಗಿನದು. ಚುರುಕಾದ ಟಕಟಕ ಕನೆಕ್ಟಿಂಗ್ ರಾಡಿನದು. ಬಿಸಿಯೇರಿದಂತೆ ತಗ್ಗುವ ಸಣ್ಣ ಬಡಿತ ಪಿಸ್ಟನ್ನಿನದು. ಪಿಸ್ಟನ್ ಬದಲಿಸಿ ರೀಬೋರ್ ಮಾಡಿಸುವುದು ಸುಲಭಸಾಧ್ಯ. ಕ್ರ್ಯಾಂಕಿನ ಕೆಲಸಕ್ಕೆ ಎಂಜಿನ್ನನ್ನು ಪೂರ್ಣವಾಗಿ ಬಿಚ್ಚಿ, ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದ ಕ್ರ್ಯಾಂಕನ್ನು ಬೇರ್ಪಡಿಸಿ, ಮತ್ತೆ ಕೂರಿಸಿ ನೇರಮಾಡಬೇಕಾಗುತ್ತದೆ. ಅದನ್ನು ಅರಿತ ಕೈಗಳು ಈಗ ಕಡಿಮೆ.

8. ಚಾಸಿಸ್ಸನ್ನು ಹಿಂದಿನಿಂದ ನೋಡಿರಿ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹತ್ತು ಹೆಜ್ಜೆ ಹಿಂದೆ ಕುಳಿತು ನೋಡಿದರೆ ಎರಡು ಚಕ್ರಗಳೂ ಒಂದೇ ಗೆರೆಯಲ್ಲಿರಬೇಕು. ಹ್ಯಾಂಡಲಿನ ಕೊರಳಿನ ಬಳಿ ಹೊಸ ವೆಲ್ಡಿಂಗಿನ ಗುರುತಿದ್ದರೆ ಬಲವಾದ ಅಪಘಾತ ನಡೆದಿದೆ. ಮುಂದಿನ ಚಕ್ರವನ್ನೆತ್ತಿ ಫೋರ್ಕನ್ನು ಹಿಂದುಮುಂದೆ ಅಲ್ಲಾಡಿಸಿ ಸಡಿಲವಿದೆಯೇ ಎಂದು ನೋಡಿರಿ.

9. ಟೈರಿನ ವಯಸ್ಸನ್ನು ತಿಳಿಯಿರಿ. ಹೂವು ಸವೆಯದಿದ್ದ ಮಾತ್ರಕ್ಕೆ ಟೈರು ಚೆನ್ನಾಗಿದೆಯೆಂದಲ್ಲ. ನಿಂತಲ್ಲೇ ನಿಂತ ಗಾಡಿಯ ರಬ್ಬರು ಒಣಗಿ ಬಿರುಕುಬಿಡುತ್ತದೆ. ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ, ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ.

10. ಕಾದ ಮೇಲೆ ಮತ್ತೊಮ್ಮೆ ಶುರುಮಾಡಿರಿ. ಮಾಲೀಕನ ಅನುಮತಿಯಿಂದ ಹದಿನೈದಿಪ್ಪತ್ತು ನಿಮಿಷ ಓಡಿಸಿ, ನಾಲ್ಕು ಗೇರುಗಳಲ್ಲಿಯೂ ಎಳೆತವನ್ನು ನೋಡಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು ಮತ್ತೆ ಕಿಕ್ ಹೊಡೆಯಿರಿ. ತಣ್ಣಗಿದ್ದಾಗ ಸರಾಗವಾಗಿ ಶುರುವಾಗಿ ಬಿಸಿಯಾದ ಮೇಲೆ ಹಟಹಿಡಿಯುವ ಗಾಡಿಯಲ್ಲಿ ಸೀಲಿನ ದೋಷವೋ, ಇಗ್ನಿಷನ್ ಕಾಯಿಲಿನ ದೋಷವೋ ಅಡಗಿರುವುದು ಬಹುಮಟ್ಟಿಗೆ ಖಂಡಿತ.

ಈ ಪರೀಕ್ಷಾಸವಾರಿಯನ್ನು ನಾಲೆಯ ಏರಿಯ ಮೇಲೆ ಮಾತ್ರ ಎಂದಿಗೂ ಮಾಡಕೂಡದು. ಬ್ರೇಕು ಹೇಗಿದೆಯೆಂಬುದು ತಿಳಿಯದ ಗಾಡಿಯನ್ನು ತಡೆಗೋಡೆಯಿಲ್ಲದ ನೀರಿನ ಬದಿಯಲ್ಲಿ ಓಡಿಸುವುದು ಸಾಹಸವಲ್ಲ, ಅವಿವೇಕ. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡುದನ್ನು ಈ ಸೀಮೆಯವರಿಗೆ ಜ್ಞಾಪಿಸಬೇಕಾಗಿಲ್ಲ. ನೇರವಾದ, ಜನಸಂಚಾರ ವಿರಳವಾದ, ಎರಡು ಬದಿಗೂ ಸಮನೆಲವಿರುವ ರಸ್ತೆಯನ್ನು ಆರಿಸಿಕೊಳ್ಳಿರಿ.

ಕಾಗದಪತ್ರಗಳ ಪರಿಶೀಲನೆ

ಖಾಸಗಿ ವಾಹನದ ನೋಂದಣಿ 15 ವರ್ಷದವರೆಗೆ ಮಾತ್ರ ಊರ್ಜಿತ. ಆಮೇಲೆ ಗಾಡಿಯನ್ನು ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಯೆಜ್ಡಿಯ ಕಟ್ಟಕಡೆಯ ಗಾಡಿಗಳಿಗೂ 2011ರ ಹೊತ್ತಿಗೇ ಆ ಅವಧಿ ತೀರಿತೆಂಬುದನ್ನು ಗಮನಿಸಿದರೆ, ಈಗ ಮಾರಾಟಕ್ಕೆ ಬರುವ ಪ್ರತಿಯೊಂದು ಗಾಡಿಯ ವಿಷಯದಲ್ಲಿಯೂ ಈ ಪ್ರಶ್ನೆ ಏಳಲೇಬೇಕು.

1. ಆರ್.ಸಿ. ಊರ್ಜಿತವಾಗಿದೆಯೇ? ಅವಧಿ ಮುಗಿದಿದ್ದರೆ ಫಾರಂ 25ರಲ್ಲಿ ನವೀಕರಣಕ್ಕೆ ಅರ್ಜಿ ಸಲ್ಲಬೇಕು. ಈ ಕೆಲಸವನ್ನು ಮಾರುವವನೇ ಮುಗಿಸಿಕೊಡಲೆಂದು ಹಟಹಿಡಿಯಿರಿ. ವಿಳಂಬಶುಲ್ಕವೂ ಹಸಿರು ತೆರಿಗೆಯೂ ಯಾರ ಪಾಲಿಗೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಇತ್ಯರ್ಥಮಾಡಿಕೊಳ್ಳಿರಿ.

2. ಕಂಪ್ಯೂಟರಿನಲ್ಲಿ ದಾಖಲೆಯುಂಟೇ? ಕೆ.ಎ. ಅಕ್ಷರಗಳಿಗೆ ಮುಂಚಿನ ಕಾಲದ ಮೂರಕ್ಷರದ ಸಂಖ್ಯೆಯುಳ್ಳ ಗಾಡಿಗಳ ವಿವರ ಬಹುವೇಳೆ ಹಳೆಯ ರಿಜಿಸ್ಟರಿನಲ್ಲಿಯೇ ಉಳಿದಿರುತ್ತದೆ. ಅದನ್ನು ಬ್ಯಾಕ್‌ಲಾಗ್ ನಮೂದಾಗಿ ವಾಹನ್ ವ್ಯವಸ್ಥೆಗೆ ಸೇರಿಸದೆ ವರ್ಗಾವಣೆ ಸಾಗದು. ಮಂಡ್ಯದ ಕೆ.ಎ. 11 ಗಾಡಿಯಾದರೆ ಮಂಡ್ಯದ ಆರ್.ಟಿ.ಓ. ಕಚೇರಿಯಲ್ಲಿ, ಬೇರೆಡೆಯದಾದರೆ ಆಯಾ ಮೂಲಕಚೇರಿಯಲ್ಲಿ ಇದನ್ನು ಮೊದಲು ವಿಚಾರಿಸಿರಿ.

3. ಮಾರುವವನು ಮಾಲೀಕನೇ? ಹಳ್ಳಿಗಳಲ್ಲಿ ಕೊಟ್ಟಿಗೆಯ ಮೂಲೆಯಿಂದ ಹೊರಬರುವ ಗಾಡಿ ತೀರಿಕೊಂಡ ತಂದೆಯ ಅಥವಾ ತಾತನ ಹೆಸರಿನಲ್ಲಿರುವುದೇ ಹೆಚ್ಚು. ಅಂಥಲ್ಲಿ ವಾರಸುದಾರರು ಮರಣಪತ್ರ ಮೊದಲಾದುವನ್ನು ಲಗತ್ತಿಸಿ ಫಾರಂ 31ರ ಮೂಲಕ ಮೊದಲು ತಮ್ಮ ಹೆಸರಿಗೆ ಮಾಡಿಕೊಳ್ಳಬೇಕು. ಆಮೇಲೆ ನಿಮಗೆ ಮಾರಬಹುದು. ಅಣ್ಣ ಸಹಿಮಾಡಿ ತಮ್ಮ ತಕರಾರೆತ್ತಿದ ನಿದರ್ಶನಗಳು ಬೇಕಾದಷ್ಟಿವೆ.

4. ವರ್ಗಾವಣೆಯ ಫಾರಂಗಳು. ಫಾರಂ 29 ಮತ್ತು 30ಕ್ಕೆ ನಿಮ್ಮ ಎದುರಿನಲ್ಲಿಯೇ ಸಹಿಯಾಗಲಿ. ಬೇರೆ ನೋಂದಣಿ ಪ್ರಾಧಿಕಾರದ ವ್ಯಾಪ್ತಿಯಿಂದ ಬರುವ ಗಾಡಿಗೆ ಫಾರಂ 28ರ ಎನ್.ಒ.ಸಿ. ಬೇಕೇ ಎಂಬುದನ್ನೂ ಕೇಳಿ ತಿಳಿಯಿರಿ. ಮಾರಿದವನು ರಾಜ್ಯದೊಳಗಾದರೆ 14 ದಿನಗಳೊಳಗೂ, ಕೊಂಡವನು 30 ದಿನಗಳೊಳಗೂ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದೆಂಬುದು ಮೋಟಾರು ವಾಹನ ಕಾಯಿದೆಯ ವಿಧಿ.

5. ವಿಮೆ, ಹೊಗೆ ತಪಾಸಣೆ, ನಂಬರ್ ಪ್ಲೇಟು. ಮೂರನೆಯವರ ಹಾನಿಗೆ ಹೊಣೆಯಾಗುವ ಥರ್ಡ್ ಪಾರ್ಟಿ ವಿಮೆಯೂ ಹೊಗೆ ತಪಾಸಣೆಯ ಪತ್ರವೂ ಕಡ್ಡಾಯ. ಗಾಡಿ ಭಾನುವಾರ ಮಾತ್ರ ಹೊರಬರುತ್ತದೆಂಬುದು ವಿನಾಯಿತಿಯಲ್ಲ. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ವಾಹನಗಳಿಗೂ ಎಚ್.ಎಸ್.ಆರ್.ಪಿ. ಪ್ಲೇಟು ಬೇಕೆಂದು ಕರ್ನಾಟಕ ಸರ್ಕಾರ ಆಜ್ಞಾಪಿಸಿದೆ.

6. ವಿಂಟೇಜ್ ನೋಂದಣಿಯ ಆಸೆ. 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ಮಾಡಿ, ವಿ.ಎ. ಎಂಬ ಅಕ್ಷರಗಳುಳ್ಳ ಸಂಖ್ಯೆಯನ್ನು 10 ವರ್ಷಗಳ ಅವಧಿಗೆ ಕೊಡುವ ಏರ್ಪಾಡನ್ನು ತಂದಿತು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. 1970ರ ದಶಕದ ಮೊದಲ ವರ್ಷಗಳವರೆಗಿನ ಜಾವಾಗಳು ಇದಕ್ಕೆ ಅರ್ಹ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವಿಕೆ, ದುರಸ್ತಿ ಮೊದಲಾದ ಗೊತ್ತಾದ ಕಾರಣಗಳಿಗಲ್ಲದೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರತಿ ಭಾನುವಾರ ಓಡಿಸಬೇಕೆಂಬವರಿಗೆ ಸಾಧಾರಣ ನೋಂದಣಿಯ ನವೀಕರಣವೇ ಯುಕ್ತವಾದ ಮಾರ್ಗ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಬಣ್ಣಕ್ಕೆ ಬೆಲೆ ಕಟ್ಟುವುದು.* ಹೊಸ ಬಣ್ಣದ ಕೆಳಗೆ ಪಟ್ಟಿ ಹಾಕಿದ ತಗಡು ಎಷ್ಟಿದೆಯೆಂಬುದು ಕಣ್ಣಿಗೆ ಕಾಣದು. ಮಾಸಿದ, ಆದರೆ ಅಸಲಿ ಬಣ್ಣದ ಗಾಡಿ ತನ್ನ ಗಾಯಗಳನ್ನು ಮುಚ್ಚಿಡುವುದಿಲ್ಲ. ಅದನ್ನು ಕೊಳ್ಳುವುದೇ ಕ್ಷೇಮ.

*ಅರ್ಧ ಬಿಚ್ಚಿದ ಗಾಡಿಯನ್ನು ಅಗ್ಗವೆಂದು ತರುವುದು.* "ಎಲ್ಲಾ ಸಾಮಾನೂ ಮೂಟೆಯಲ್ಲಿ ಐತೆ" ಎಂದು ಮಾರುವವನು ಹೇಳಿದರೆ, ಮೂಟೆಯಲ್ಲಿ ಇಲ್ಲದಿರುವ ಸಾಮಾನುಗಳ ಬೆಲೆಯೇ ಗಾಡಿಯ ಬೆಲೆಯನ್ನು ಮೀರುವುದೆಂದು ಎಣಿಸಿರಿ.

*ಸದ್ದಿಗಾಗಿ ಬ್ಯಾಫಲ್ ಕೀಳಿಸುವುದು.* ಸದ್ದು ಹೆಚ್ಚಿದಷ್ಟೂ ಶಕ್ತಿ ಹೆಚ್ಚಿತೆಂಬುದು ಭ್ರಮೆ. ಕೆಳಗಿನ ಓಟದಲ್ಲಿ ಎಳೆತ ಕುಂದುತ್ತದೆ, ಪೊಲೀಸರ ದಂಡವೂ ತಪ್ಪದು.

*ಅತಿಯಾಗಿ ಎಣ್ಣೆ ಬೆರೆಸುವುದು.* ಎಣ್ಣೆ ಹೆಚ್ಚಾದರೆ ಒಳ್ಳೆಯದೇ ಎಂದು ಸುರಿಯುವವರುಂಟು. ಹೆಚ್ಚಿನ ಎಣ್ಣೆ ಉರಿಯದೆ ಪ್ಲಗ್ಗಿನಲ್ಲಿಯೂ ಸೈಲೆನ್ಸರಿನಲ್ಲಿಯೂ ಕಾರ್ಬನ್ನಾಗಿ ಕಟ್ಟುತ್ತದೆ.

*ಮೂಲವನ್ನು ಕೆಡಿಸುವುದು.* ಚಾಸಿಸ್ಸನ್ನು ಕತ್ತರಿಸಿ, ಹ್ಯಾಂಡಲ್ ಬದಲಿಸಿ ಹೊಸ ವೇಷ ತೊಡಿಸುವುದರಿಂದ ತಪಾಸಣೆಯಲ್ಲಿ ಅಡ್ಡಿಯಾಗುವುದಲ್ಲದೆ, ಮರುಮಾರಾಟದ ಬೆಲೆಯೂ ಕುಸಿಯುತ್ತದೆ.

ಮನೆಗೆ ತಂದ ಮೇಲೆ

1. ಮೊದಲ ತಿಂಗಳಲ್ಲಿಯೇ ಎರಡೂ ಆಯಿಲ್ ಸೀಲು, ಪೆಟ್ರೋಲ್ ಪೈಪು, ಬ್ರೇಕ್ ಲೈನಿಂಗು, ಕೇಬಲ್ಲುಗಳು ಮತ್ತು ಗೇರ್ ಆಯಿಲನ್ನು ಬದಲಿಸಿರಿ. ಹಿಂದಿನವನು ಬದಲಿಸಿದ್ದನೆಂಬ ಮಾತನ್ನು ಗೌರವದಿಂದ ಕೇಳಿ, ಆದರೂ ಬದಲಿಸಿರಿ.

2. ಲೀಟರು ಪೆಟ್ರೋಲಿಗೆ 30ರಿಂದ 40 ಮಿಲಿಲೀಟರ್ ಟೂಟಿ ಆಯಿಲ್ ಸಾಕು. ಹೊಸದಾಗಿ ಬೋರ್ ಮಾಡಿಸಿದ ಎಂಜಿನ್ನಿಗೆ ಮೇಲಿನ ಮಿತಿ, ಪಳಗಿದ ಎಂಜಿನ್ನಿಗೆ ಕೆಳಗಿನ ಮಿತಿ. ಅಳತೆಯ ಲೋಟವೊಂದನ್ನು ಗಾಡಿಯಲ್ಲಿಯೇ ಇಟ್ಟುಕೊಂಡು, ಎಣ್ಣೆ ಹಾಕಿದ ಮೇಲೆ ಗಾಡಿಯನ್ನು ಚೆನ್ನಾಗಿ ಅಲ್ಲಾಡಿಸಿರಿ.

3. ಈಗಿನ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥನಾಲ್ ಬೆರೆತಿರುತ್ತದೆ. ಕಬ್ಬಿನಿಂದಲೂ ತಯಾರಾಗುವ ಈ ವಸ್ತುವಿನ ಬಗ್ಗೆ, ವಿ.ಸಿ.ಎಫ್. 0517ರಂಥ ಕಬ್ಬಿನ ತಳಿಗಳನ್ನು ಕೊಟ್ಟ ವಿ.ಸಿ. ಫಾರಂನ ನೆರೆಯವರಿಗೆ ಅಭಿಮಾನವಿದ್ದರೆ ಅಚ್ಚರಿಯಿಲ್ಲ. ಹಳೆಯ ಯೆಜ್ಡಿಗೆ ಮಾತ್ರ ಅದು ಅಷ್ಟು ಹಿತವಾದುದಲ್ಲ. ಎಥನಾಲು ಗಾಳಿಯಲ್ಲಿನ ತೇವವನ್ನು ಹೀರಿ, ನೀರಿನೊಡನೆ ತಳಕ್ಕೆ ಇಳಿದು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಆ ಕಾಲದ ರಬ್ಬರನ್ನು ಉಬ್ಬಿಸಿ ಮೆತ್ತಗೆಮಾಡುತ್ತದೆ. ಆದಕಾರಣ ಎಥನಾಲನ್ನು ತಾಳಬಲ್ಲ ಹೊಸ ಪೈಪುಗಳನ್ನು ಹಾಕಿಸಿ, ಒಂದೆರಡು ಸವಾರಿಗೆ ಸಾಕಾಗುವಷ್ಟನ್ನೇ ತುಂಬಿಸಿರಿ. ತಿಂಗಳುಗಟ್ಟಲೆ ಓಡಿಸುವುದಿಲ್ಲವೆಂದಾದರೆ ಟ್ಯಾಂಕನ್ನೂ ಕಾರ್ಬೊರೇಟರನ್ನೂ ಬರಿದುಮಾಡಿರಿ.

4. ನಿಲ್ಲಿಸಿದಾಗಲೆಲ್ಲ ಪೆಟ್ರೋಲಿನ ನಲ್ಲಿಯನ್ನು ಮುಚ್ಚಿರಿ. ತೆರೆದಿಟ್ಟರೆ ಪೆಟ್ರೋಲು ಕ್ರ್ಯಾಂಕ್ ಕೋಣೆಗೆ ಇಳಿದು ಮರುದಿನ ಗಾಡಿ ಕಿಕ್ಕಿಗೆ ಜಗ್ಗುವುದಿಲ್ಲ.

5. ವಿರಾಮದ ಗಾಡಿ ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಎರಡು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿರಿ. ಮನೆಯ ಮುಂದೆ ಎರಡು ನಿಮಿಷ ಶುರುಮಾಡಿ ಆರಿಸುವುದರಿಂದ ಉಪಕಾರವಿಲ್ಲ. ಪೂರ್ಣವಾಗಿ ಕಾಯದ ಎಂಜಿನ್ನಿನಲ್ಲಿಯೂ ಸೈಲೆನ್ಸರಿನಲ್ಲಿಯೂ ತೇವ ನಿಂತು ತುಕ್ಕಿಗೆ ದಾರಿಯಾಗುತ್ತದೆ.

ಸವಾರಿಯಲ್ಲಿ ಎಚ್ಚರಿಕೆ

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರವಾಹನಗಳಿಗೆ ಪ್ರವೇಶವಿಲ್ಲ. ಮದ್ದೂರಿನಿಂದ ಮಂಡ್ಯಕ್ಕಾಗಲಿ ಶ್ರೀರಂಗಪಟ್ಟಣಕ್ಕಾಗಲಿ ಸರ್ವಿಸ್ ರಸ್ತೆಯಲ್ಲಿಯೇ ಸಾಗಬೇಕು. ಹಳೆಯ ಗಾಡಿಗೆ ಇದೊಂದು ನಷ್ಟವೆಂದು ತಿಳಿಯಬೇಕಾಗಿಲ್ಲ. ಇವುಗಳ ಸುಖವಿರುವುದು ಗಂಟೆಗೆ 50–60 ಕಿಲೋಮೀಟರ್ ವೇಗದ ಒಳದಾರಿಗಳಲ್ಲಿ: ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯವಿರುವ ಬಸರಾಳಿನ ಕಡೆಗೆ, ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡುಕಟ್ಟುವ ತಿಂಗಳುಗಳಲ್ಲಿ ಮದ್ದೂರಿನಿಂದ ಕೊಕ್ಕರೆ ಬೆಳ್ಳೂರಿಗೆ, ಕಾವೇರಿ ತುಂಬಿದ ಕಾಲದಲ್ಲಿ ಮಳವಳ್ಳಿಯಿಂದ ಗಗನಚುಕ್ಕಿಗೆ.

ಹಲಗೂರಿನಿಂದ ಮುತ್ತತ್ತಿಗೆ ಇಳಿಯುವಂಥ ದಾರಿಯಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು. ಇಳಿಜಾರಿನಲ್ಲಿ ಥ್ರಾಟಲನ್ನು ಪೂರ್ತಿ ಮುಚ್ಚಿ ಗೇರಿನ ಹಿಡಿತದಲ್ಲೇ ಬಹುದೂರ ಇಳಿದರೆ, ಎಂಜಿನ್ ವೇಗವಾಗಿ ತಿರುಗುತ್ತಿದ್ದರೂ ಅದಕ್ಕೆ ಸಾಕಷ್ಟು ಪೆಟ್ರೋಲು ಹೋಗುವುದಿಲ್ಲ. ಪೆಟ್ರೋಲು ಸಾಲದಿದ್ದರೆ ಎಣ್ಣೆಯೂ ಸಾಲದು. ನಡುನಡುವೆ ಥ್ರಾಟಲನ್ನು ಸ್ವಲ್ಪ ತೆರೆಯುತ್ತಿರಬೇಕು. ಓಡುತ್ತಿರುವಾಗ ಎಂಜಿನ್ ಹಠಾತ್ತನೆ ಬಿಗಿಯಾದಂತೆ ತೋರಿದರೆ ಒಡನೆಯೇ ಕ್ಲಚ್ ಹಿಡಿದು, ಬದಿಗೆ ನಿಲ್ಲಿಸಿ, ಆರುವವರೆಗೆ ಕಾಯಿರಿ, ನೀರು ಸುರಿಯಕೂಡದು. ಡ್ರಂ ಬ್ರೇಕುಗಳು ಕಾದಂತೆ ಹಿಡಿತ ಕಳೆದುಕೊಳ್ಳುವುದರಿಂದ ಮುಂದಿನ ವಾಹನಕ್ಕೂ ನಿಮಗೂ ಹೊಸ ಗಾಡಿಯವರಿಗಿಂತ ಇಮ್ಮಡಿ ಅಂತರವಿರಲಿ. 6 ವೋಲ್ಟಿನ ದೀಪವುಳ್ಳವರು ಹೊತ್ತು ಮುಳುಗುವ ಮೊದಲೇ ಮನೆ ಸೇರುವುದು ಲೇಸು. ಸಂಜೆಯ ಮಬ್ಬಿನಲ್ಲಿ ಹಿಂದೀಪವಿಲ್ಲದ ಕಬ್ಬಿನ ಗಾಡಿ ಹತ್ತಿರ ಬರುವವರೆಗೂ ಕಾಣಿಸದು. ಬಿಡಿ ಪ್ಲಗ್ಗು, ಪ್ಲಗ್ ಸ್ಪ್ಯಾನರು, ಕ್ಲಚ್ ಕೇಬಲ್ಲು, ನೂರಿನ್ನೂರು ಮಿಲಿಲೀಟರ್ ಟೂಟಿ ಆಯಿಲು ಸದಾ ಜೊತೆಯಲ್ಲಿರಲಿ.

ಇಷ್ಟನ್ನೂ ಓದಿದವರಿಗೆ, ಈ ವ್ಯವಹಾರವೇ ಬೇಡವೆಂದು ತೋರಿದರೆ ಅದೂ ಒಂದು ಲಾಭವೇ. ಕೊಂಡ ಮೇಲೆ ತೋರುವುದಕ್ಕಿಂತ ಮುಂಚೆ ತೋರುವುದು ಮೇಲು. ಕೊಳ್ಳಲೇಬೇಕೆಂದು ಮನಸ್ಸು ಗಟ್ಟಿಯಾಗಿದ್ದರೆ, ಮೊದಲು ಕಂಡ ಗಾಡಿಗೇ ಮುಂಗಡ ಕೊಡದೆ ಇನ್ನೂ ಎರಡು ಮೂರನ್ನು ನೋಡಿ ಹೋಲಿಸಿರಿ. ಮುಂಗಡವನ್ನು ಕೊಡುವಾಗ, ಆರ್.ಸಿ. ನವೀಕರಣವಾಗಿ ಹೆಸರು ವರ್ಗಾವಣೆಗೆ ಅರ್ಜಿ ಸಲ್ಲಿದ ಮೇಲೆಯೇ ಉಳಿದ ಹಣವೆಂದು ಬಿಳಿಯ ಹಾಳೆಯಲ್ಲಿ ಬರೆಯಿಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿಕೊಳ್ಳಿರಿ. ಪ್ರಾಮಾಣಿಕನಾದ ಮಾಲೀಕ ಇದಕ್ಕೆ ಒಪ್ಪುತ್ತಾನೆ. ಒಪ್ಪದವನ ಗಾಡಿ ಎಷ್ಟೇ ಚೆಲುವಾಗಿದ್ದರೂ ಅದನ್ನು ಅವನಲ್ಲಿಯೇ ಬಿಟ್ಟುಬರುವುದು ಯುಕ್ತ.